ರಂಜಕ ಒಂದೇ, ಗುಣ ಮಾತ್ರ ಬೇರೆ ಬೇರೆ ಯಾಕೆ?

ಪ್ರಶ್ನೆ: ಬಿಳಿ ರಂಜಕ (ಫಾಸ್ಫರಸ್) ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಕೆಂಪು ರಂಜಕ ಸುಮ್ನೆ ಇರುತ್ತದೆ. ಎರಡೂ ಒಂದೇ ಧಾತು ಅಲ್ವಾ? ಹಾಗಾದರೆ ನಮ್ಮ ಮೂಳೆಯಲ್ಲಿರುವ ರಂಜಕವೂ ಅಪಾಯವೇ?

ಪ್ರತಿ ಸಲವೂ ಬರುವ ಪ್ರಶ್ನೆ ಇದು. ‘ರಂಜಕ ಅಂದರೆ ಬೆಂಕಿ’ ಅಂತ ಹೆದರಿಸುವ ವಿಡಿಯೊಗಳೇ ಇದಕ್ಕೆ ಕಾರಣ. ಧಾತುವಿನ ಹೆಸರು ಕೇಳಿ ಹೆದರಬೇಡಿ. ಅದರ ಪರಮಾಣುಗಳು ಹೇಗೆ ಜೋಡಿಕೊಂಡಿವೆ ಅಂತ ಕೇಳಿ.

ಬಿಳಿ ರಂಜಕದ ಅಣುವಿನಲ್ಲಿ ನಾಲ್ಕು ಪರಮಾಣುಗಳಿವೆ. ಪ್ರತಿಯೊಂದೂ ಉಳಿದ ಮೂರನ್ನು ಹಿಡಿದುಕೊಂಡಿದೆ. ಹಾಗಾಗಿ ಬಂಧಗಳ ನಡುವಿನ ಕೋನ 60 ಡಿಗ್ರಿಗೆ ಇಳಿದಿದೆ. ರಂಜಕಕ್ಕೆ ಹೊಂದುವುದು 100 ಡಿಗ್ರಿ ಆಸುಪಾಸಿನ ಕೋನ. ಬಗ್ಗಿಸಿ ಕಟ್ಟಿದ ಬಿದಿರಿನಂತೆ ಆ ಅಣು ಬಿಗಿದುಕೊಂಡಿರುತ್ತದೆ. ಆಮ್ಲಜನಕ ಸಿಕ್ಕರೆ ಈ ದುರ್ಬಲ ಬಂಧಗಳು ಮುರಿದು, ಅವುಗಳ ಜಾಗದಲ್ಲಿ ತುಂಬಾ ಗಟ್ಟಿಯಾದ ಬಂಧಗಳು ಬರುತ್ತವೆ. ಆಗ ಹೊರಬೀಳುವ ಶಾಖವೇ ಬೆಂಕಿ. ತೇವದ ಗಾಳಿಯಲ್ಲಿ ಇದಕ್ಕೆ ಸುಮಾರು 30 ಡಿಗ್ರಿ ಸೆಲ್ಸಿಯಸ್ ಸಾಕು. ಕೈಯ ಬಿಸಿ ಅದಕ್ಕಿಂತ ಜಾಸ್ತಿ.

ಕೆಂಪು ರಂಜಕದಲ್ಲಿ ಆ ನಾಲ್ಕರ ಗುಂಪು ಬಿಚ್ಚಿಕೊಂಡು, ಅಕ್ಕಪಕ್ಕದವುಗಳ ಜೊತೆ ಸೇರಿ ಉದ್ದನೆಯ ಜಾಲವಾಗಿದೆ. ಬಿಗಿತ ಕಡಿಮೆ. ಹಾಗಾಗಿ ಅದು ಹೊತ್ತಿಕೊಳ್ಳಲು 250 ಡಿಗ್ರಿಯ ಹತ್ತಿರ ಹೋಗಬೇಕು. ಇದೇ ಧಾತುವಿನ ಇನ್ನೊಂದು ರೂಪವಾದ ಕಪ್ಪು ರಂಜಕ ಇನ್ನೂ ಸ್ಥಿರ.

ಹಾಗಂತ ಕೆಂಪು ರಂಜಕ ಸಾಧು ಅಂದುಕೊಳ್ಳಬೇಡಿ. ಕಾಯಿಸಿದರೆ ಅದು ಆವಿಯಾಗುತ್ತದೆ, ಆ ಆವಿ ತಣಿದರೆ ಬಿಳಿ ರಂಜಕವೇ ಸಿಗುತ್ತದೆ. ಬೆಂಕಿಪೊಟ್ಟಣದ ಪಟ್ಟಿಯಲ್ಲಿ ಕೆಂಪು ರಂಜಕ, ಕಡ್ಡಿಯ ತುದಿಯಲ್ಲಿ ಉರಿಯಲು ಆಮ್ಲಜನಕ ಒದಗಿಸುವ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತವೆ. ಇವೆರಡನ್ನು ಬೇರೆ ಬೇರೆ ಇಟ್ಟಿರುವುದಕ್ಕೆ ಕಾರಣವಿದೆ. ಸೇರಿಸಿದರೆ ಸಣ್ಣ ಉಜ್ಜಾಟಕ್ಕೂ ಸಿಡಿಯುತ್ತದೆ, ಬೆರಳು ಹೋಗುತ್ತದೆ, ಕಣ್ಣು ಹೋಗುತ್ತದೆ. ‘ಮನೆಯಲ್ಲೇ ಪ್ರಯೋಗ’ ಅಂತ ಇದನ್ನು ಮಕ್ಕಳಿಗೆ ತೋರಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಮೂಳೆಯಲ್ಲಿರುವುದು ಫಾಸ್ಫೇಟ್. ಅಲ್ಲಿನ ರಂಜಕ ಆಗಲೇ ಆಮ್ಲಜನಕದ ಜೊತೆ ಸೇರಿಬಿಟ್ಟಿದೆ. ಉರಿಯಲು ಅದರಲ್ಲಿ ಏನೂ ಉಳಿದಿಲ್ಲ.

ಪ್ರಶ್ನೆ: ಬಿಳಿ ರಂಜಕವನ್ನೂ ಸೋಡಿಯಂ ಥರ ಸೀಮೆಎಣ್ಣೆಯಲ್ಲಿ ಇಡಬಹುದೇ?

ಬೇಡ, ನೀರಿನಲ್ಲಿ ಇಡಬೇಕು. ಅದು ನೀರಿನ ಜೊತೆ ವರ್ತಿಸುವುದಿಲ್ಲ.

ಪ್ರಶ್ನೆ: ಕತ್ತಲಲ್ಲಿ ಹೊಳೆಯುವ ಸ್ಟಿಕರ್‌ನಲ್ಲಿ ರಂಜಕ ಇದೆಯೇ?

ಇಲ್ಲ. ಅದು ಬೆಳಕನ್ನು ಹೀರಿಕೊಂಡು ನಿಧಾನವಾಗಿ ಬಿಡುವ ಬೇರೆಯೇ ಪದಾರ್ಥ.

ಪ್ರಶ್ನೆ: ಬುದ್ಧಿ ಚುರುಕಾಗಲು ರಂಜಕದ ಟಾನಿಕ್ ಕುಡಿಯಬಹುದೇ?

ದುಡ್ಡು ದಂಡ. ಬೇಕಾದಷ್ಟು ರಂಜಕ ಊಟದಲ್ಲೇ ಸಿಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರಂತೂ ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ.

ಪ್ರಶ್ನೆ: ಬಿಳಿ ರಂಜಕ ಚರ್ಮಕ್ಕೆ ತಾಗಿ ಸುಟ್ಟರೆ ಎಣ್ಣೆ ಅಥವಾ ಮೈಲುತುತ್ತ ಹಚ್ಚಬೇಕೇ?

ಎರಡೂ ಬೇಡ. ರಂಜಕ ಎಣ್ಣೆಯಲ್ಲಿ ಕರಗಿ ಒಳಗೆ ಇಳಿಯುತ್ತದೆ. ಮೈಲುತುತ್ತ ಹಳೇ ಕಾಲದ ಉಪಚಾರ, ಅದರ ತಾಮ್ರ ರಕ್ತಕ್ಕೆ ಸೇರಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ತಣ್ಣೀರು ಸುರಿಯಿರಿ, ಒದ್ದೆ ಬಟ್ಟೆ ಹೊದಿಸಿ, ಆಸ್ಪತ್ರೆ ಮುಟ್ಟುವವರೆಗೂ ಆ ಬಟ್ಟೆ ಒಣಗಲು ಬಿಡಬೇಡಿ. ಒಣಗಿದರೆ ಚರ್ಮದಲ್ಲಿ ಉಳಿದ ಚೂರು ಮತ್ತೆ ಹೊತ್ತಿಕೊಳ್ಳುತ್ತದೆ.