ಲಂಡನ್‌ಗೆ ಹೋದಾಗ ಮೇಡಂ ಟುಸ್ಸಾಡ್ಸ್ ಮೇಣದ ಮ್ಯೂಸಿಯಂ ನೋಡಬೇಕಾ? ಟಿಕೆಟ್ ಹಣಕ್ಕೆ ಮೋಸ ಇಲ್ಲ ತಾನೇ?

ನೋಡಿ, ಖಂಡಿತ ನೋಡಿ. ಆದರೆ ಸುಮ್ನೆ ಸೆಲ್ಫಿ ತೆಗೆದುಕೊಂಡು ಓಡಿ ಬರಬೇಡಿ.

ಮೊದಲು ಟಿಕೆಟ್ ವಿಷಯ. ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆದುಕೊಳ್ಳಿ, ಬಾಗಿಲಲ್ಲಿ ಕೊಂಡರೆ ಜಾಸ್ತಿ ಆಗುತ್ತದೆ. ಬೇಕರ್ ಸ್ಟ್ರೀಟ್ ಮೆಟ್ರೊ ಸ್ಟೇಷನ್‌ನಿಂದ ಎರಡೇ ನಿಮಿಷದ ನಡಿಗೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಒಂದೊಂದು ಗೊಂಬೆಯ ಮುಂದೂ ಫೋಟೋಗೆ ಸರದಿ ನಿಲ್ಲಬೇಕು.

ಹೆಚ್ಚಿನವರು ಸಿನಿಮಾ ತಾರೆಯರ ಹತ್ತಿರವೇ ನಿಂತುಬಿಡುತ್ತಾರೆ. ನಮ್ಮ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಅವರ ಪ್ರತಿಮೆಯನ್ನೂ 2019ರಲ್ಲಿ ಇಲ್ಲಿ ಅನಾವರಣ ಮಾಡಿದರು. ನನ್ನ ಮನಸ್ಸು ಹಿಡಿದಿದ್ದು ಮಾತ್ರ 'ಮಲಗಿರುವ ಸುಂದರಿ'. ಈ ಗೊಂಬೆಯ ಮೂಲ 1765ರದ್ದು. ಹತ್ತಿರ ನಿಂತು ಅವಳ ಎದೆಯನ್ನೇ ನೋಡಿ: ಒಳಗಿರುವ ಯಂತ್ರದಿಂದ ಅದು ಮೆಲ್ಲಗೆ ಏರಿಳಿಯುತ್ತದೆ, ನಿಜವಾಗಿ ಉಸಿರಾಡುತ್ತಿದ್ದಾಳೇನೋ ಅನ್ನಿಸುತ್ತದೆ. ಈ ಗೊಂಬೆಯನ್ನು ಮಾಡಿದ್ದು, ಮ್ಯೂಸಿಯಂ ಕಟ್ಟಿದ ಮರೀ ಟುಸ್ಸಾಡ್‌ಗೆ ಮೇಣದ ವಿದ್ಯೆ ಕಲಿಸಿದ ಕರ್ಟಿಯಸ್. ಫ್ರಾನ್ಸ್ ಕ್ರಾಂತಿಯಲ್ಲಿ ತಲೆ ಕಡಿಸಿಕೊಂಡವರ ಮುಖದ ಅಚ್ಚು ತೆಗೆದ ಹೆಂಗಸು ಈ ಮರೀ. 1802ರಲ್ಲಿ ಬ್ರಿಟನ್‌ಗೆ ಬಂದು, ಗೊಂಬೆಗಳನ್ನು ಊರೂರಿಗೆ ಹೊತ್ತು ತಿರುಗಿ, 1835ರಲ್ಲಿ ಬೇಕರ್ ಸ್ಟ್ರೀಟ್‌ನಲ್ಲಿ ನೆಲೆ ನಿಂತರು. ಎಂಥ ಗಟ್ಟಿ ಜೀವ ಅಲ್ವಾ!

ಇನ್ನೊಂದು ಮಾತು. ಯಾವುದಾದರೂ ಒಂದು ಗೊಂಬೆಯ ಹಣೆಯ ಅಂಚನ್ನು ಗಮನಿಸಿ. ಅದು ವಿಗ್ ಅಲ್ಲ, ಒಂದೊಂದೇ ಕೂದಲನ್ನು ಸೂಜಿಯಿಂದ ಮೇಣದೊಳಗೆ ನೆಟ್ಟಿರುತ್ತಾರೆ. ತಲೆಗೂದಲಿಗೇ ವಾರಗಟ್ಟಲೆ ಬೇಕು. ಕಣ್ಣಿನ ಕೆಂಪು ನರಗಳಿಗೆ ರೇಷ್ಮೆ ಎಳೆ ಬಳಸುತ್ತಾರೆ. ಎರಡು ಗಂಟೆ ಇಟ್ಟುಕೊಂಡು ಹೋಗಿ, ಸಾಕಾಗುತ್ತದೆ.