ಪ್ರವಾಸ 3 ದಿನದ್ದು, ಲೆಕ್ಕ 17 ದಿನದ್ದು

(ಕೊರೊನಾ ನಿರ್ಬಂಧಗಳಿದ್ದ ಕಾಲದ ಪ್ರಶ್ನೋತ್ತರ ಇದು. ಇಲ್ಲಿನ ನಿಯಮ, ಲೆಕ್ಕ ಎಲ್ಲ ಆಗಿನವು.)

ಪ್ರಶ್ನೆ: ನನಗೆ 36 ವರ್ಷ. ಗಂಡ, 8 ವರ್ಷದ ಮಗಳು, ಮಾವ ಮತ್ತು ನಾನು ಒಂದೇ ಮನೆಯಲ್ಲಿದ್ದೇವೆ. ಮಾವನಿಗೆ 71 ವರ್ಷ. ಶ್ವಾಸಕೋಶದ ಹಳೆಯ ತೊಂದರೆ, ದಿನಾ ಇನ್‌ಹೇಲರ್ ಬೇಕು. ಕೊರೊನಾ ಶುರುವಾದಾಗಿನಿಂದ ನಾವು ಎಲ್ಲಿಗೂ ಹೋಗಿಲ್ಲ. ದೊಡ್ಡವರೆಲ್ಲರಿಗೂ ಎರಡು ಡೋಸ್ ಲಸಿಕೆ ಆಗಿದೆ. ಈಗ ನಿರ್ಬಂಧ ಸ್ವಲ್ಪ ಸಡಿಲವಾಗಿದೆ, 72 ಗಂಟೆಯೊಳಗಿನ ನೆಗೆಟಿವ್ ರಿಪೋರ್ಟ್ ಇದ್ದರೆ ಪ್ರವಾಸಕ್ಕೆ ಹೋಗಬಹುದು. ಗಂಡನ ಕಾಲೇಜು ಗೆಳೆಯರ ಆರು ಕುಟುಂಬಗಳು ಮುಂದಿನ ತಿಂಗಳು ಮೂರು ದಿನ ಸಮುದ್ರ ತೀರದ ರೆಸಾರ್ಟ್‌ಗೆ ಹೊರಟಿವೆ. ಎಲ್ಲರೂ ಒಂದೇ ಎ.ಸಿ. ಮಿನಿ ಬಸ್‌ನಲ್ಲಿ. ಮುಂಗಡ ಕೊಟ್ಟಾಗಿದೆ. ಮಾವನನ್ನು ನೋಡಿಕೊಳ್ಳಲು ಇದೇ ಊರಿನಲ್ಲಿರುವ ನಾದಿನಿ ಬರುತ್ತಾಳೆ. ನನಗೆ ಭಯ. ಗಂಡ, 'ತಪ್ಪಾಗಿದ್ದರೆ ಸರ್ಕಾರ ಯಾಕೆ ಬಿಡುತ್ತಿತ್ತು? ನೀನು ಬರದಿದ್ದರೆ ನಾನೊಬ್ಬನೇ ಹೋಗ್ತೀನಿ' ಅನ್ನುತ್ತಾರೆ. ಅವರ ಗೆಳೆಯರೊಬ್ಬರು ಪರೀಕ್ಷೆ ಮಾಡಿಸದೆಯೇ ರಿಪೋರ್ಟ್ ತರಿಸಿಕೊಡುತ್ತಾರಂತೆ. ಗುಂಪಿನಲ್ಲಿ ನನ್ನನ್ನು 'ಲಾಕ್‌ಡೌನ್ ಮೇಡಂ' ಎಂದು ಆಡಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನನಗೂ ಹೋಗಬೇಕು ಅನಿಸುತ್ತಿದೆ. ಇಂಥ ಹೊತ್ತಿನಲ್ಲಿ ಹೀಗನಿಸೋದೇ ನಾಚಿಕೆ. ಮಾವನಿಗೆ ಇನ್ನೂ ಏನೂ ಹೇಳಿಲ್ಲ. ಹೇಳಿದರೆ 'ನನ್ನಿಂದ ನಿಮಗೆಲ್ಲ ತೊಂದರೆ' ಎಂದು ನೊಂದುಕೊಳ್ಳುತ್ತಾರೆ. ನಾನು ಅತಿಯಾಗಿ ಹೆದರುತ್ತಿದ್ದೇನಾ?

ಉತ್ತರ: ಮೊದಲು ಆ ನಾಚಿಕೆಯ ಮಾತಿಗೆ ಬರೋಣ. ಇಷ್ಟು ಕಾಲ ಒಂದೇ ಮನೆಯೊಳಗೆ ಅಡುಗೆ, ಆಫೀಸು, ಮಗುವಿನ ಆನ್‌ಲೈನ್ ಪಾಠ, ಹಿರಿಯರ ಔಷಧಿ ಎಲ್ಲವನ್ನೂ ನೋಡಿಕೊಂಡವರಿಗೆ ಹೊರಗೆ ಹೋಗಬೇಕು ಅನಿಸದಿದ್ದರೇ ನಾನು ಯೋಚನೆ ಮಾಡುತ್ತಿದ್ದೆ. ಆಸೆ ತಪ್ಪಲ್ಲ. ಅದನ್ನು ಮುಚ್ಚಿಟ್ಟಿದ್ದರಿಂದ ಒಂದು ನಷ್ಟವಂತೂ ಆಗಿದೆ. ಮನೆಯಲ್ಲಿ ನಿಮ್ಮ ಯಜಮಾನರು 'ಹೋಗೋಣ' ಅನ್ನುವವರು, ನೀವು 'ಬೇಡ' ಅನ್ನುವವರು ಎಂದಾಗಿಬಿಟ್ಟಿದೆ. ಇಬ್ಬರಿಗೂ ಹೋಗುವ ಮನಸ್ಸಿದೆ ಎನ್ನುವುದು ಅವರಿಗೆ ಗೊತ್ತೇ ಇಲ್ಲ, ಅಲ್ವಾ?

ಇನ್ನು ಸರ್ಕಾರದ ಮಾತು. ನಿಯಮ ಮಾಡುವವರು ಲಕ್ಷಾಂತರ ಜನರನ್ನು ಒಟ್ಟಿಗೆ ನೋಡುತ್ತಾರೆ. ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಖಾಲಿ ಇವೆ, ಪ್ರವಾಸವನ್ನೇ ನಂಬಿದವರ ಹೊಟ್ಟೆಪಾಡೇನು, ಇನ್ನೆಷ್ಟು ದಿನ ಎಲ್ಲವನ್ನೂ ಮುಚ್ಚಿಡಬಹುದು ಎಂದೆಲ್ಲ ತೂಗಿ ನೋಡಿ ಬಾಗಿಲು ತೆರೆಯುತ್ತಾರೆ. ಅದು ಸರಿಯೂ ಹೌದು. ಆದರೆ ನಿಮ್ಮ ಮಾವನ ಶ್ವಾಸಕೋಶ ಆ ಲೆಕ್ಕದಲ್ಲಿ ಇಲ್ಲ. ಇರಲು ಸಾಧ್ಯವೂ ಇಲ್ಲ. ಹೋದರೆ ದಂಡ ಬೀಳುವುದಿಲ್ಲ ಎಂದಷ್ಟೇ ನಿಯಮ ಹೇಳುತ್ತದೆ. ನಿಮ್ಮ ಮನೆಗೆ ಅದು ಸರಿಯೋ ಅಲ್ಲವೋ ಎಂದು ಹೇಳುವುದಿಲ್ಲ.

ರಿಪೋರ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲರೂ ಅದನ್ನೇ ನಂಬಿಕೊಂಡು ಕೂತಿದ್ದಾರೆ. ನೆಗೆಟಿವ್ ಅಂದರೆ, ಮೂಗಿನಿಂದ ದ್ರವ ತೆಗೆದ ಆ ಹೊತ್ತಿನಲ್ಲಿ ವೈರಸ್ ಸಿಗಲಿಲ್ಲ ಎಂದು ಅರ್ಥ. ಸೋಂಕು ತಗುಲಿದ ಮೊದಲ ಒಂದೆರಡು ದಿನ ಆರ್‌ಟಿ-ಪಿಸಿಆರ್‌ನಲ್ಲೂ ಅದು ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಸೋಮವಾರ ಪರೀಕ್ಷೆ ಮಾಡಿಸಿ ಗುರುವಾರ ಬಸ್ ಹತ್ತಿದರೆ ನಡುವಿನ ಮೂರು ದಿನಕ್ಕೆ ಯಾರು ಜವಾಬ್ದಾರಿ? ಹಾಗೆಂದು ಪರೀಕ್ಷೆ ವ್ಯರ್ಥವೇನಲ್ಲ. ಸೋಂಕಿರುವ ಕೆಲವರನ್ನಾದರೂ ಅದು ಬಸ್ ಹತ್ತದಂತೆ ತಡೆಯುತ್ತದೆ. ಪರೀಕ್ಷೆಯನ್ನೇ ಮಾಡಿಸದ ರಿಪೋರ್ಟಿಗೆ ಅಷ್ಟು ಯೋಗ್ಯತೆಯೂ ಇಲ್ಲ. ಈ ಒಂದು ವಿಷಯದಲ್ಲಿ 'ನೋಡೋಣ, ಯೋಚಿಸೋಣ' ಎಂದು ನಾನು ಹೇಳಲಾರೆ. ಸುಳ್ಳು ರಿಪೋರ್ಟ್ ಹಿಡಿದು ಯಾರೊಬ್ಬರು ಬಸ್ ಹತ್ತಿದರೂ ನೀವು ಹತ್ತಬೇಡಿ. ಅದು ಅಪರಾಧ ಅನ್ನೋದು ಒಂದು. ಆ ಬಸ್ಸಿನ ಡ್ರೈವರ್, ರೆಸಾರ್ಟಿನಲ್ಲಿ ಕೋಣೆ ಗುಡಿಸುವವರು, ಊಟ ಬಡಿಸುವವರು ಇದ್ದಾರಲ್ಲ, ಅವರ ಮನೆಯಲ್ಲೂ ಒಬ್ಬ ಮಾವ ಇರಬಹುದು ಅನ್ನೋದು ಇನ್ನೊಂದು. ಅವರು ನಿಮ್ಮ ಕೈಯಲ್ಲಿರುವ ಕಾಗದವನ್ನು ನಂಬುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀವಿಬ್ಬರೂ ಜಗಳ ಆಡುತ್ತಿರೋದು ಆ ಮೂರು ದಿನದ ಬಗ್ಗೆ. ಮಾವನನ್ನು ನೋಡಿಕೊಳ್ಳಲು ನಾದಿನಿ ಬರೋದೂ ಆ ಮೂರು ದಿನಕ್ಕೇ. ಆದರೆ ಆ ಮೂರು ದಿನ ಮಾವನಿಗೆ ನಿಮ್ಮಿಂದ ಅಪಾಯವೇ ಇಲ್ಲ, ನೀವು ಮನೆಯಲ್ಲೇ ಇರುವುದಿಲ್ಲವಲ್ಲ! ಅಪಾಯ ಶುರುವಾಗೋದು ನೀವು ವಾಪಸ್ ಬಂದು ಬ್ಯಾಗ್ ಇಳಿಸಿದ ಮೇಲೆ. ಈ ಸೋಂಕಿನ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 5–6 ದಿನ ಬೇಕು, ಕೆಲವರಲ್ಲಿ 14 ದಿನದವರೆಗೂ ಹಿಡಿಯುತ್ತದೆ. ಲಕ್ಷಣ ಕಾಣುವ ಎರಡು ದಿನ ಮೊದಲೇ ಅದು ಇನ್ನೊಬ್ಬರಿಗೆ ಹರಡಬಲ್ಲದು. ಕೆಲವರಿಗಂತೂ ಲಕ್ಷಣವೇ ಇರುವುದಿಲ್ಲ, ಮಕ್ಕಳಲ್ಲಿ ಅದು ಜಾಸ್ತಿ. ಅಂದರೆ ನಿಮ್ಮ ಪ್ರವಾಸ 3 ದಿನದ್ದಲ್ಲ, 17 ದಿನದ್ದು. ಕೊನೆಯ 14 ದಿನ ಯಾರು ಎಲ್ಲಿರುತ್ತಾರೆ, ಮಾವನಿಗೆ ಊಟ ಕೊಡೋದು ಯಾರು, ಮಗಳು 'ತಾತಾ' ಎಂದು ಓಡಿ ಹೋಗದಂತೆ ಹಿಡಿಯೋದು ಯಾರು ಎಂದು ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ.

ಇದು ಬರೀ ಹೆದರಿಸುವ ಮಾತಲ್ಲ. 2020ರ ಆಗಸ್ಟ್‌ನಲ್ಲಿ ಅಮೆರಿಕದ ಮೇನ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ಮದುವೆ ನಡೆಯಿತು. ಬಂದಿದ್ದವರು 55 ಜನ. ಆ ಮದುವೆಯಿಂದ ಶುರುವಾದ ಸೋಂಕು ಒಂದು ವೃದ್ಧರ ಆರೈಕೆ ಕೇಂದ್ರಕ್ಕೂ ಒಂದು ಜೈಲಿಗೂ ತಲುಪಿ ಒಟ್ಟು 177 ಜನರಿಗೆ ಹರಡಿತು. 7 ಜನ ತೀರಿಕೊಂಡರು. ಆ ಏಳರಲ್ಲಿ ಒಬ್ಬರೂ ಮದುವೆಗೆ ಹೋದವರಲ್ಲ. ನಿಮ್ಮ ಯಜಮಾನರಿಗೆ ಒಂದೇ ಒಂದು ಸಂಗತಿ ಹೇಳಬೇಕೆಂದಿದ್ದರೆ ಇದನ್ನು ಹೇಳಿ. 'ಏನಾದರೂ ಆದರೆ ನಾನು ನೋಡ್ಕೋತೀನಿ' ಎನ್ನುವ ಧೈರ್ಯ ನಮ್ಮ ಮೈಗೆ ಬಂದಾಗ ಸರಿ. ಇಲ್ಲಿ ಅದು ಇನ್ನೊಬ್ಬರ ಮೈಗೆ ಬರುತ್ತದೆ.

ಲಸಿಕೆ ಆಗಿದೆಯಲ್ಲ ಎಂದು ಅವರು ಕೇಳಬಹುದು. ಆಗಿರೋದು ತುಂಬಾ ಒಳ್ಳೆಯದು, ದೊಡ್ಡ ಬಲವೇ. 2021ರ ಜುಲೈನಲ್ಲಿ ಅಮೆರಿಕದ ಮೆಸಚೂಸೆಟ್ಸ್‌ನ ಒಂದು ಪ್ರವಾಸಿ ಊರಿನಲ್ಲಿ ಬೇಸಿಗೆ ರಜೆಗೆ ಜನ ಕಿಕ್ಕಿರಿದು ಸೇರಿದಾಗ ಆ ರಾಜ್ಯದವರಲ್ಲೇ 469 ಜನರಿಗೆ ಸೋಂಕು ಸಿಕ್ಕಿತು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಲಸಿಕೆ ಪೂರ್ತಿ ಆಗಿತ್ತು. ಆಸ್ಪತ್ರೆ ಸೇರಿದವರು ಬರೀ 5 ಜನ, ಯಾರೂ ಸಾಯಲಿಲ್ಲ. ಎರಡೂ ಮಾತು ನಿಜ ನೋಡಿ: ಲಸಿಕೆ ಜೀವ ಉಳಿಸುತ್ತದೆ, ಆದರೂ ಸೋಂಕು ಮನೆಗೆ ಬರಬಹುದು. ಮಾವನ ವಯಸ್ಸಿಗೆ, ಆ ಶ್ವಾಸಕೋಶಕ್ಕೆ 'ಸಣ್ಣಗೆ ಬಂದು ಹೋಗುತ್ತೆ' ಎಂದು ಯಾವ ವೈದ್ಯರೂ ಬರೆದು ಕೊಡಲಾರರು.

ಹಾಗಾದರೆ ಹೋಗಬೇಕಾ ಬೇಡವಾ? ಈ ಪ್ರವಾಸ ಬೇಡ. ಎಲ್ಲ ಪ್ರವಾಸವೂ ಬೇಡ ಎನ್ನುತ್ತಿಲ್ಲ. ಈ ಪ್ರವಾಸದಲ್ಲಿ ನನಗೆ ಸಮುದ್ರದ ಭಯವಿಲ್ಲ, ಬಸ್ಸಿನ ಭಯ. 2020ರ ಜನವರಿಯಲ್ಲಿ ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ ಜನ ಎರಡು ಬಸ್ಸುಗಳಲ್ಲಿ ಒಂದು ಪ್ರಾರ್ಥನಾ ಕಾರ್ಯಕ್ರಮಕ್ಕೆ ಹೋಗಿ ಬಂದರು. ಒಂದು ಬಸ್ಸಿನಲ್ಲಿದ್ದ 60 ಜನರಲ್ಲಿ ಯಾರಿಗೂ ಸೋಂಕಿಲ್ಲ. ಇನ್ನೊಂದರಲ್ಲಿ ಸೋಂಕಿತರು ಒಬ್ಬರಿದ್ದರು. ಅವರನ್ನೂ ಸೇರಿಸಿ 68 ಜನರಲ್ಲಿ 24 ಜನರಿಗೆ ಸೋಂಕು. ಎ.ಸಿ. ಅದೇ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತಿತ್ತು, ದೂರ ಕೂತವರೂ ಪಾರಾಗಲಿಲ್ಲ. ನಿಮ್ಮದು ಆರು ಕುಟುಂಬ, ಒಂದೇ ಬಸ್, ಕಿಟಕಿ ಮುಚ್ಚಿದ ಎ.ಸಿ., ದಾರಿಯುದ್ದಕ್ಕೂ ಹಾಡು, ನಗು, ಕೂಗಾಟ. ಗಟ್ಟಿಯಾಗಿ ಹಾಡಿದಷ್ಟೂ ಬಾಯಿಯಿಂದ ಸೂಕ್ಷ್ಮ ಹನಿಗಳು ಜಾಸ್ತಿ ಹೊರಬೀಳುತ್ತವೆ. ಮೇಲಾಗಿ ಗುಂಪಿನ ಒಬ್ಬರು ಪರೀಕ್ಷೆ ಇಲ್ಲದೆ ರಿಪೋರ್ಟ್ ತರಿಸುವವರು. ಇಷ್ಟೆಲ್ಲ ಗೊತ್ತಿದ್ದೂ ಹೆದರದೆ ಇರೋದಕ್ಕೆ ಕಾರಣ ನನಗೆ ಕಾಣುತ್ತಿಲ್ಲ. ನೀವು ಅತಿಯಾಗಿ ಹೆದರುತ್ತಿಲ್ಲ.

ಆದರೆ ನಿಮ್ಮ ಯೋಚನೆಯಲ್ಲೂ ಒಂದು ತೂತಿದೆ. ನೀವು ಮತ್ತು ಮಗಳು ಉಳಿದು ಅವರೊಬ್ಬರೇ ಹೋದರೆ ಮಾವನಿಗೆ ಹೆಚ್ಚೇನೂ ರಕ್ಷಣೆ ಸಿಗುವುದಿಲ್ಲ. ಅವರು ಬರೋದು ಅದೇ ಮನೆಗೆ ತಾನೇ? ಆಗ ನಿಮಗೆ ಪ್ರವಾಸವೂ ಇಲ್ಲ, ನೆಮ್ಮದಿಯೂ ಇಲ್ಲ. ಹಾಗಾಗಿ 'ನೀವು ಬೇಕಾದರೆ ಹೋಗಿ, ನಾನು ಬರಲ್ಲ' ಎಂದು ಮುನಿಸಿಕೊಂಡು ಕೂರುವುದು ಉತ್ತರವಲ್ಲ. ಮಗಳು ಮಲಗಿದ ಮೇಲೆ ಫೋನ್ ಪಕ್ಕಕ್ಕಿಟ್ಟು ಮಾತಾಡಿ. 'ನಿಮ್ಮ ಗೆಳೆಯರಿಗೆ ಬುದ್ಧಿ ಇಲ್ಲ' ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. 'ರೀ, ನನಗೂ ಸಮುದ್ರ ನೋಡಬೇಕು ಅಂತ ಆಸೆ ಇದೆ. ಬಂದ ಮೇಲೆ ಎರಡು ವಾರ ಅಪ್ಪನ್ನ ಹೇಗೆ ನೋಡಿಕೊಳ್ಳೋದು ಅಂತ ನೀವೇ ಹೇಳಿ' ಎಂದು ಶುರು ಮಾಡಿ. ನಂತರ ಅವರಿಗೆ ಯೋಚಿಸಲು ಬಿಡಿ. ಅವರಿಗೂ ಅಪ್ಪನ ಮೇಲೆ ಪ್ರೀತಿ ಇದೆ. ಗೆಳೆಯರ ಮುಂದೆ ಮಾತು ಕೊಟ್ಟು ಸಿಕ್ಕಿಕೊಂಡಿದ್ದಾರೆ ಎಂದು ನನಗನಿಸುತ್ತದೆ. ಹೊರಬರಲು ಒಂದು ಮರ್ಯಾದೆಯ ದಾರಿ ಕೊಟ್ಟರೆ ಹೊರಬರುತ್ತಾರೆ. 'ಅಪ್ಪನಿಗೋಸ್ಕರ ಈ ಸಲ ಆಗಲ್ಲ' ಎಂದು ಗುಂಪಿಗೆ ಅವರೇ ಹೇಳಲಿ. ನಿಮ್ಮ ಹೆಸರು ಅದರಲ್ಲಿ ಬರುವುದೇ ಬೇಡ. ಇನ್ನು 'ಲಾಕ್‌ಡೌನ್ ಮೇಡಂ' ಎನ್ನುವವರಿಗೆ ಉತ್ತರ ಕೊಡುತ್ತಾ ಕೂರಬೇಡಿ. ಗುಂಪನ್ನು ಮ್ಯೂಟ್ ಮಾಡಿ.

ಮಾವನಿಂದ ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಅಪಾಯ ಅವರ ತಲೆಯ ಮೇಲೆ ಇರುವಾಗ ಅವರನ್ನು ಬಿಟ್ಟು ಉಳಿದವರೆಲ್ಲ ಮಾತಾಡಿಕೊಂಡರೆ ಅದೆಂಥ ನ್ಯಾಯ? ಆದರೆ ಕೇಳುವ ರೀತಿ ಇದೆ. 'ಮಾವ, ನಾವು ಹೋಗಿ ಬರೋದಾ?' ಎಂದು ಕೇಳಿದರೆ ಅವರು 'ಹೋಗಿ ಬನ್ನಿ, ನನ್ನದೇನು' ಅಂದೇ ಅನ್ನುತ್ತಾರೆ. ಮಕ್ಕಳ ಖುಷಿಗೆ ಅಡ್ಡ ಬರಲು ಯಾವ ಹಿರಿಯರಿಗೂ ಮನಸ್ಸು ಬರುವುದಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡು ಹೊರಡಬೇಡಿ. 'ನಾವು ಮುಂದೆ ಯಾವತ್ತಾದರೂ ಹೊರಗೆ ಹೋಗಿ ಬಂದರೆ ಆಮೇಲೆ ಎರಡು ವಾರ ನೀವು ಮಗಳ ಮನೆಯಲ್ಲಿ ಇರ್ತೀರಾ, ಇಲ್ಲೇ ನಿಮ್ಮ ಕೋಣೆಯಲ್ಲಿ ಬೇರೆ ಇರ್ತೀರಾ, ಅಥವಾ ಇದೆಲ್ಲ ನಿಮಗೆ ಕಷ್ಟವಾ?' ಎಂದು ಕೇಳಿ. ಈ ಪ್ರಶ್ನೆಗೆ ನಿಜವಾದ ಉತ್ತರ ಸಿಗುವ ಸಾಧ್ಯತೆ ಜಾಸ್ತಿ. ಅವರನ್ನು ನೋಡುವ ವೈದ್ಯರನ್ನೂ ಒಮ್ಮೆ ಕೇಳಿ.

ಅವರು ನಾದಿನಿಯ ಮನೆಗೆ ಖುಷಿಯಿಂದ ಹೋಗುತ್ತಾರೆ, ನಾದಿನಿಗೂ ಅನುಕೂಲ ಇದೆ ಎಂದಾದರೆ ನಿಮಗೆ ಬಾಗಿಲು ತೆರೆಯಿತು. ನೀವು ಮೂರೇ ಜನ ನಿಮ್ಮದೇ ಗಾಡಿಯಲ್ಲಿ, ವಾರದ ನಡುವೆ, ಜನ ಕಡಿಮೆ ಇರುವ ಕಡೆ ಹೋಗಿ ಬನ್ನಿ. ಉಳಿಯಲು ಕಿಟಕಿ ತೆರೆಯುವ ಕೋಣೆ ಇರಲಿ. ಊಟವನ್ನು ಹಾಲ್‌ನಲ್ಲಿ ಬೇಡ, ಹೊರಗೆ ಅಥವಾ ಕೋಣೆಗೇ ತರಿಸಿಕೊಳ್ಳಿ. ತೆರೆದ ಗಾಳಿಯಲ್ಲಿ, ಜನರಿಂದ ದೂರ, ಮರಳಿನಲ್ಲಿ ಮಗಳು ಎಷ್ಟು ಬೇಕಾದರೂ ಆಡಲಿ, ಅಲ್ಲಿ ಅಪಾಯ ತುಂಬಾ ಕಡಿಮೆ. ಮುಚ್ಚಿದ ಜಾಗಕ್ಕೆ ಹೋಗಲೇಬೇಕಾದಾಗ ಮೂಗು, ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚುವ ಮಾಸ್ಕ್ ಹಾಕಿ. ಬಟ್ಟೆ ಮಾಸ್ಕ್‌ಗಿಂತ ಎನ್-95 ಒಳ್ಳೆಯದು. ಹೊರಡುವ ಹಿಂದಿನ ದಿನ ಮೂವರಲ್ಲಿ ಒಬ್ಬರಿಗೆ ಗಂಟಲು ಕೆರೆದರೂ ಪ್ರವಾಸ ರದ್ದು. ನೀವಿರುವಲ್ಲಿ ಅಥವಾ ಹೋಗುವಲ್ಲಿ ಪ್ರಕರಣ ಏರತೊಡಗಿದರೂ ರದ್ದು. ಇದನ್ನು ಈಗಲೇ ಇಬ್ಬರೂ ಒಪ್ಪಿಕೊಂಡಿರಿ. ಬ್ಯಾಗ್ ತುಂಬಿಟ್ಟ ಮೇಲೆ ಯಾರಿಗೂ ಇಂಥ ತೀರ್ಮಾನ ಮಾಡಲು ಆಗುವುದಿಲ್ಲ. ವಾಪಸ್ ಬಂದು 5ರಿಂದ 7 ದಿನಗಳ ನಡುವೆ ಮೂವರೂ ಪರೀಕ್ಷೆ ಮಾಡಿಸಿ. ನೆಗೆಟಿವ್ ಬಂದರೂ ಮಾವನ ಮಟ್ಟಿಗೆ 14 ದಿನ ಮುಗಿಸಿಯೇ ಮನೆಗೆ ಕರೆತನ್ನಿ. ಅವರಿಗೆ ಮನೆ ಬಿಡುವುದು ಇಷ್ಟವಿಲ್ಲ, ಮನೆಯಲ್ಲಿ ಬೇರೆ ಕೋಣೆ ಕೊಡುವುದೂ ಕಷ್ಟ ಎಂದಾದರೆ ಸದ್ಯಕ್ಕೆ ರಾತ್ರಿ ಉಳಿಯುವ ಪ್ರವಾಸ ಬೇಡ. ಬೆಳಿಗ್ಗೆ ಬೇಗ ಗಾಡಿ ತೆಗೆದು ಜನವಿಲ್ಲದ ಕೆರೆಯೋ ಗುಡ್ಡವೋ ನೋಡಿ, ಮನೆಯಿಂದ ಒಯ್ದ ತಿಂಡಿ ತಿಂದು, ಯಾವ ಬಾಗಿಲೊಳಗೂ ಕಾಲಿಡದೆ ಸಂಜೆಗೆ ಬರಬಹುದು. ಹಾಗಾದರೆ ಮಾವನೂ ಬರಬಹುದು!

ಮುಂಗಡದ ಹಣದ ಬಗ್ಗೆ ನೀವು ಹೆಚ್ಚು ಬರೆದಿಲ್ಲ. ಆದರೆ ಮನೆಯಲ್ಲಿ ಅದೂ ಒಂದು ವಾದ ಆಗಿಯೇ ಇರುತ್ತದೆ. ಈ ಕಾಲದಲ್ಲಿ ಎಷ್ಟೋ ಕಡೆ ಹಣ ವಾಪಸ್ ಕೊಡದಿದ್ದರೂ ದಿನ ಬದಲಿಸಿ ಕೊಡುತ್ತಾರೆ. ರೆಸಾರ್ಟ್‌ಗೆ ಫೋನ್ ಮಾಡಿ ನಿಮ್ಮ ಕುಟುಂಬದ ಪಾಲನ್ನು ಮುಂದಕ್ಕೆ ಹಾಕಬಹುದಾ ಎಂದು ಕೇಳಿ. ಒಪ್ಪಿದರೆ ಮೆಸೇಜ್‌ನಲ್ಲೋ ಮೇಲ್‌ನಲ್ಲೋ ಬರೆಸಿಕೊಳ್ಳಿ. ಬಸ್ಸಿನ ಪಾಲು ಗುಂಪಿಗೆ ಸೇರಿದ್ದು, ಅದನ್ನು ಮರಳಿ ಕೇಳಬೇಡಿ. ನೀವು ಬಿಟ್ಟಿದ್ದರಿಂದ ಉಳಿದವರಿಗೆ ಹೊರೆ ಆಯಿತು ಎಂಬ ಮಾತು ಬರದಿರಲಿ. ಪ್ರವಾಸಕ್ಕೆ ಇನ್ನೂ ಒಂದು ತಿಂಗಳಿದೆ. ಈಗಲೇ ತಿಳಿಸಿದರೆ ನಿಮ್ಮ ಜಾಗಕ್ಕೆ ಬೇರೆಯವರನ್ನು ಹುಡುಕಲು ಅವರಿಗೂ ಸಮಯ ಸಿಗುತ್ತದೆ.