ಕೊಡುವವರ ಮನಸ್ಸು, ಕೇಳುವವರ ಹಕ್ಕು

‘ತೆರಿಗೆ ಕಿತ್ತುಕೊಂಡು ಹಂಚುವುದರಲ್ಲಿ ಪುಣ್ಯವೂ ಇಲ್ಲ, ಪ್ರೀತಿಯೂ ಇಲ್ಲ. ಆ ಹಣ ಜನರ ಕೈಯಲ್ಲೇ ಉಳಿದರೆ ಬಡವರನ್ನು ಅವರೇ ನೋಡಿಕೊಳ್ಳುತ್ತಾರೆ’ ಎಂದು ಬರೆದಿದ್ದೀರಿ. ಮೊದಲ ಮಾತು ಒಪ್ಪಿದೆ. ತೆರಿಗೆ ಕಟ್ಟಿ ಪುಣ್ಯ ಬಂತೆಂದು ಹಿಗ್ಗಿದವರನ್ನು ನಾನೂ ಕಂಡಿಲ್ಲ. ನನ್ನ ತಕರಾರು ಎರಡನೆಯದಕ್ಕೆ.

1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದಾಗ ಅಧ್ಯಕ್ಷ ಹೂವರ್ ನಂಬಿದ್ದೂ ಇದನ್ನೇ: ನೆರವು ದಾನಿಗಳಿಂದ, ಊರೂರಿನ ಸಂಸ್ಥೆಗಳಿಂದ ಬರಲಿ. ಅವರೇನು ಕಲ್ಲೆದೆಯವರಲ್ಲ, ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಜನರಿಗೆ ಅನ್ನ ಮುಟ್ಟಿಸಿ ಹೆಸರಾದವರು. (ಆ ಕೆಲಸಕ್ಕೂ ಹಣದ ಬಹುಪಾಲು ಬಂದದ್ದು ಸರ್ಕಾರಗಳಿಂದಲೇ ಎಂಬುದು ಬೇರೆ ಮಾತು.) 1933ರ ಹೊತ್ತಿಗೆ ಆ ದೇಶದಲ್ಲಿ ಹೆಚ್ಚುಕಡಿಮೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ನಿನ್ನೆ ದಾನ ಕೊಟ್ಟವರೇ ಇಂದು ಗಂಜಿಯ ಸಾಲಿನಲ್ಲಿ ನಿಂತಿದ್ದರು. ದಾನವೆಂಬುದು ಬರಗಾಲದಲ್ಲೇ ಬತ್ತುವ ಬಾವಿ. 1935ರಲ್ಲಿ, ತೆರಿಗೆಯ ಹಣದಿಂದ ವೃದ್ಧರಿಗೆ ಪಿಂಚಣಿ ಕೊಡುವ ಸಾಮಾಜಿಕ ಭದ್ರತಾ ಕಾಯ್ದೆ ಬಂತು. 1959ರಲ್ಲೂ ಅಲ್ಲಿನ ವೃದ್ಧರಲ್ಲಿ ಶೇ. 35ರಷ್ಟು ಬಡವರಿದ್ದರು, ಪಿಂಚಣಿ ಹೆಚ್ಚುತ್ತಾ ಹೋಗಿ, ಶತಮಾನ ಮುಗಿಯುವಾಗ ಅದು ಶೇ. 10ರ ಆಸುಪಾಸಿಗೆ ಇಳಿದಿತ್ತು.

ಹಾಗೆಂದು ಸರ್ಕಾರ ಕೊಟ್ಟದ್ದೆಲ್ಲ ಮರ್ಯಾದೆಯಿಂದ ಕೊಟ್ಟದ್ದಲ್ಲ. ಇಂಗ್ಲೆಂಡಿನ 1834ರ ಬಡವರ ಕಾಯ್ದೆಯನ್ನೇ ನೋಡಿ. ಹಣ ತೆರಿಗೆಯದೇ. ಆದರೆ ಮೈಯಲ್ಲಿ ಕಸುವಿದ್ದೂ ನೆರವು ಬೇಕೆಂದವರು ವರ್ಕ್‌ಹೌಸ್, ಅಂದರೆ ಬಡವರನ್ನು ಇರಿಸಿಕೊಂಡು ದುಡಿಸುವ ಮನೆ, ಸೇರಬೇಕು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಹೊರಗಿನ ಕಡುಬಡ ಕೂಲಿಯ ಪಾಡಿಗಿಂತ ಒಳಗಿನವರ ಪಾಡು ಕೀಳಾಗಿಯೇ ಇರಬೇಕು ಎಂಬುದು ಅದರ ನೀತಿ. ನಾವಿಬ್ಬರೂ ಥೈಲಿ ಯಾರದು ಎಂದು ವಾದ ಮಾಡುತ್ತಿದ್ದೇವೆ. ಕೈಯೊಡ್ಡಿದವರಿಗೆ ಬೇಕಾದದ್ದು ಬೇರೆ: ಸಿಗದೇ ಹೋದಾಗ ‘ಯಾಕೆ ಸಿಗಲಿಲ್ಲ’ ಎಂದು ಕೇಳಲು ಒಂದು ಜಾಗ. ಪಿಂಚಣಿ ತಪ್ಪಿದವರು ಮೇಲ್ಮನವಿ ಹಾಕಬಹುದು. ದಾನಿಯ ಮನೆಬಾಗಿಲಲ್ಲಿ ನಿಂತು ಹಾಗೆ ಕೇಳಲಾದೀತೆ?

ದಾನ ದಂಡ ಎನ್ನುತ್ತಿಲ್ಲ. ಅಮೆರಿಕದ ವಿಜ್ಞಾನಿ ಸಾಲ್ಕ್ ಅವರ ಪೋಲಿಯೊ ಲಸಿಕೆಯ ಬೆನ್ನಿಗಿದ್ದದ್ದು ಲಕ್ಷಾಂತರ ಜನ ಕಳಿಸಿದ ಚಿಲ್ಲರೆ ಕಾಸು. ಫಲ ಸಿಗುತ್ತದೋ ಇಲ್ಲವೋ ತಿಳಿಯದ ಕೆಲಸಕ್ಕೆ ಖಜಾನೆಗಿಂತ ಮೊದಲು ದಾನಿಯೇ ಕೈ ಹಾಕುವುದುಂಟು. ಆದರೆ 1955ರಲ್ಲಿ ಲಸಿಕೆ ಸಿದ್ಧವಾದಾಗ ಅದನ್ನು ಊರೂರಿನ ಮಕ್ಕಳಿಗೆ ಮುಟ್ಟಿಸಲು ಅಮೆರಿಕದ ಸಂಸತ್ತು ಹಣ ಮಂಜೂರು ಮಾಡಬೇಕಾಯಿತು.

ಕೊನೆಗೆ ನನ್ನನ್ನೇ ಕೇಳಿದ್ದೀರಿ: ‘ತೆರಿಗೆ ಇಳಿದರೆ ನೀವು ಇನ್ನಷ್ಟು ದಾನ ಮಾಡುವುದಿಲ್ಲವೇ?’ ಸ್ವಲ್ಪ ಮಾಡಿಯೇನು. ನನಗೆ ಇಷ್ಟವಾದವರಿಗೆ.